ದಾರಿ ಗೊತ್ತಿರದ ಟ್ಯಾಕ್ಸಿಯವಳು

ಗಂಡ ತೀರಿಕೊಂಡ ಮೇಲೆ ಚೋನಾ ಅವನ ಟ್ಯಾಕ್ಸಿ ಮಾರಲಿಲ್ಲ. ತಾನೇ ಓಡಿಸಲು ಹೊರಟಳು. ಗಾಡಿಯೇನೋ ಕೈಗೆ ಒಗ್ಗಿತ್ತು, ಗ್ವಾದಲಹಾರ ನಗರದ ದಾರಿಗಳು ಮಾತ್ರ ಗೊತ್ತಿರಲಿಲ್ಲ. ಹುಟ್ಟಿದ ಊರೇ ಆದರೂ ಅವಳು ಕಂಡದ್ದು ಮನೆ, ಮಾರುಕಟ್ಟೆ, ಚರ್ಚು, ಅಷ್ಟೇ. ಬಸ್ ನಿಲ್ದಾಣದ ಸಾಲಿನಲ್ಲಿದ್ದ ಚಾಲಕರು, ನಿನಗೆ ದಾರಿ ತೋರಿಸುವವರಿಂದ ಬಾಡಿಗೆ ತಗೊಳ್ಳಬೇಡ ಎಂದು ಛೇಡಿಸಿದರು.

ಮೊದಲ ದಿನವೇ ಎದುವಿಹೆಸ್ ಎಂಬ ಅಜ್ಜಿ ಹತ್ತಿದಳು. ತಂಗಿ ಹೆನೊವೆವಾಳ ಹುಟ್ಟುಹಬ್ಬದ ಊಟಕ್ಕೆಂದು ಹಳ್ಳಿಯಿಂದ ಬಂದಿದ್ದಳು. ಮಡಿಲಲ್ಲಿ ಕಾಲು ಕಟ್ಟಿದ ಒಂದು ಟರ್ಕಿ ಕೋಳಿ. ತಂಗಿಯ ಮನೆ ಎಲ್ಲಿ ಅಂದರೆ, ಸಿನಿಮಾ ಮಂದಿರದ ಹಿಂದೆ ಅಂದಳು. ಆ ಮಂದಿರವನ್ನು ಕೆಡವಿ ಎಷ್ಟೋ ಕಾಲವಾಗಿತ್ತು. ಹೋದ ರಸ್ತೆಗೇ ಮತ್ತೆ ಬಂದರು, ಒಂದೇ ವೃತ್ತವನ್ನು ಸುತ್ತಿ ಸುತ್ತಿ ಸಾಕಾದರು. ಕೊನೆಗೆ ಚೋನಾ ಗಾಡಿ ಬದಿಗೆ ಹಾಕಿ ಅತ್ತೇಬಿಟ್ಟಳು.

"ಅಮ್ಮಾ, ನಂಗೆ ದಾರಿ ಗೊತ್ತಿಲ್ಲ. ಇದು ನಮ್ಮ ಯಜಮಾನರ ಗಾಡಿ. ನೀವು ಬೇರೆ ಟ್ಯಾಕ್ಸಿ ಹಿಡೀರಿ."

"ಅದಕ್ಯಾಕೆ ಅಳ್ತೀಯೆ ಮಗಳೇ? ಮದುವೆಗೆ ಮುಂಚಿಂದ ಈ ಊರಿಗೆ ಬರ್ತಿದೀನಿ, ಒಂದು ಸಲಾನೂ ನೆಟ್ಟಗೆ ಹೋಗಿ ಮುಟ್ಟಿಲ್ಲ," ಎಂದಳು ಅಜ್ಜಿ. "ಇಳಿ, ಗಂಟಲು ಒಣಗಿದೆ."

ಮೂಲೆಯಲ್ಲಿ ಒಬ್ಬ ಕೈಗಾಡಿಯಲ್ಲಿ ಮೆಕ್ಕೆಜೋಳದ ಹುಳಿಪಾನಕ ಮಾರುತ್ತಿದ್ದ. ಕುಡಿಯುತ್ತಾ ಅಜ್ಜಿ ತಂಗಿಯ ಹೆಸರು ಹೇಳಿದಳು. ಅವನು ಸೌಟು ಕೆಳಗಿಟ್ಟ.

"ನಿಂಬೆ ಕಮ್ಮಿ ಹಿಂಡ್ತೀಯ ಅಂತ ದಿನಾ ನನ್ನ ಮಾನ ಕಳೀತಾರಲ್ಲ, ಆ ಹೆನೊವೆವಮ್ಮನಾ? ಅಗೋ, ಹಸಿರು ಬಾಗಿಲು."

ಬಾಗಿಲು ತೆರೆದ ಹೆನೊವೆವಾ ಅಕ್ಕನನ್ನು ಅಪ್ಪಿಕೊಳ್ಳುವ ಮೊದಲು ಬೈದಳು. ಪೊಸೊಲೆ ಸಾರನ್ನು ಎಷ್ಟು ಸಲ ಬಿಸಿ ಮಾಡುವುದು, ಹಾಕಿದ ಮಾಂಸವೆಲ್ಲ ಕರಗಿಹೋಯಿತು ಎಂದು. ಹಿಂತಿರುಗಲು ಹೊರಟ ಚೋನಾಳ ಕೈಯಿಂದ ಕೀಲಿ ಕಿತ್ತುಕೊಂಡು ಅವಳನ್ನೂ ಕೂರಿಸಿದಳು. ಗಂಡ ಹೋದಂದಿನಿಂದ ಒಲೆಯ ಬಳಿ ನಿಂತೇ ತುತ್ತು ನುಂಗುತ್ತಿದ್ದ ಚೋನಾ ಅಂದು ನಾಲ್ಕು ಜನರ ನಡುವೆ ಕೂತು ಉಂಡಳು. ಎರಡನೆಯ ಬಟ್ಟಲನ್ನು ತಾನೇ ಕೇಳಿ ಹಾಕಿಸಿಕೊಂಡಳು.

ಆಮೇಲೆ ಊರು ನಿಧಾನವಾಗಿ ಅವಳಿಗೆ ಒಗ್ಗಿತು. ಮರುವರ್ಷ ಎದುವಿಹೆಸ್ ಬಂದಿಳಿದಾಗ ಮುಂದೆ ನಿಂತಿದ್ದ ಟ್ಯಾಕ್ಸಿಗಳನ್ನೆಲ್ಲ ದಾಟಿ ಸೀದಾ ಚೋನಾಳ ಪಕ್ಕದ ಸೀಟಿನಲ್ಲಿ ಕೂತಳು. ಸರದಿ ತಪ್ಪಿತೆಂದು ಚಾಲಕರು ಗೊಣಗಿದರು.

"ನನ್ನ ಮಗಳ ಗಾಡಿ ಕಣ್ರಪ್ಪಾ," ಎಂದಳು ಅಜ್ಜಿ.

ಚೋನಾ ಕಣ್ಣೊರೆಸಿಕೊಂಡು ಗಾಡಿ ಶುರು ಮಾಡಿದಳು.