ಅಪ್ಪನ ಬೈಕಿನ ದೊಡ್ಡ ಶೀಲ್ಡು

ಆಗೆಲ್ಲ ಶಿರ್ತಾಡಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ಅದು ಯಾರ ಬೈಕೆಂದು ಮಕ್ಕಳಾದ ನಾವೇ ಹೇಳಿಬಿಡುತ್ತಿದ್ದೆವು. ಈಗಿನ ಹಾಗೆ ಮನೆಗೆರಡು ಗಾಡಿಗಳ ಕಾಲವಲ್ಲ ಅದು. ಅಪ್ಪನದು ನನಗಿಂತ ಹಿರಿಯ ಬೈಕು. ನಾಲ್ಕು ಒದೆ ತಿಂದ ಮೇಲೆಯೇ ಬಾಯಿ ಬಿಡುವಂಥದ್ದು. ಅಪ್ಪ ದನಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅಳದಂಗಡಿಯ ಕಡೆ ಯಾರದೋ ದನ ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಸುದ್ದಿ ಬಂದರೆ ಮಳೆಯೋ ಬಿಸಿಲೋ ನೋಡದೆ ಹೊರಟುಬಿಡುವವರು. ಅವರ ಶರ್ಟಿಗೆ ಯಾವಾಗಲೂ ಫಿನಾಯಿಲಿನ ವಾಸನೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಳೆಯಲ್ಲಿ ನೆನೆದು ನೆನೆದು ಅಪ್ಪನಿಗೆ ನ್ಯುಮೋನಿಯಾ ಆಯಿತು. ಮೂಡಬಿದಿರೆಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದವರನ್ನು ಮುಟ್ಟಲೂ ನನಗೆ ಹೆದರಿಕೆಯಾಗಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಅಮ್ಮನನ್ನು ಕರೆದು, "ಇನ್ನೊಮ್ಮೆ ಎದೆಗೆ ಹೀಗೆ ಥಂಡಿ ಹಿಡಿದ್ರೆ ಕಷ್ಟ ಉಂಟು" ಎಂದದ್ದು ನನ್ನ ಕಿವಿಗೂ ಬಿತ್ತು. ಆಮೇಲೆ ಅಪ್ಪ ಕೆಮ್ಮಿದಾಗಲೆಲ್ಲ ನಾನು ಎಣಿಸುತ್ತಿದ್ದೆ. ಒಂದೇ ಸಮನೆ ಐದು ಸಲ ಕೆಮ್ಮಿದರೆ ಊಟ ಬಿಟ್ಟು ಎದ್ದು ಅವರ ಹತ್ತಿರ ಓಡುತ್ತಿದ್ದೆ.

ಮುಂದಿನ ಮಳೆಗಾಲಕ್ಕೆ ಮೊದಲೇ ಅಮ್ಮ ತೀರ್ಮಾನ ಮಾಡಿದಳು: ಬೈಕಿಗೆ ಗಾಳಿ ಮಳೆ ತಡೆಯುವ ಗಾಜು ಹಾಕಿಸಬೇಕು. ಮೂವರೂ ಅದೇ ಬೈಕಿನಲ್ಲಿ ಬಂಟ್ವಾಳಕ್ಕೆ ಹೋದೆವು. ಬೈಕಿನ ಸಾಮಾನು ಮಾರುವ ಹಮೀದಾಕ ಅಪ್ಪನಿಗೆ ಹಳೆಯ ಪರಿಚಯ. ಅವರ ಅಂಗಡಿಯಲ್ಲಿ, ರೇಸಿನ ಬೈಕಿಗಿರುವಂತೆ ಮುಂಭಾಗವನ್ನೆಲ್ಲ ಮುಚ್ಚುವ ಕೆಂಪು ಫೇರಿಂಗ್ ಒಂದು ನೇತಾಡುತ್ತಿತ್ತು. ಅಪ್ಪನ ಕಣ್ಣು ಅದರ ಮೇಲೆಯೇ.

"ಅದು ಬೇಡ ಮಾರಾಯ್ರೇ" ಎಂದರು ಹಮೀದಾಕ. "ಹಳೆ ಇಂಜಿನಿಗೆ ಗಾಳಿ ಬೇಕು. ಅದನ್ನು ಹಾಕಿದ್ರೆ ಒಳಗೇ ಬೆಂದು ಹೋಗ್ತದೆ."

ಆಮೇಲೆ ಮೂರು ಪಾರದರ್ಶಕ ಶೀಲ್ಡುಗಳನ್ನು ತಂದು ಸಾಲಾಗಿ ಇಟ್ಟರು. ಸಣ್ಣದು ಹೆಡ್‌ಲೈಟಿನ ಮೇಲೆ ಕೂರುವಂಥದ್ದು, ಅಲಂಕಾರಕ್ಕಷ್ಟೇ. ಮಧ್ಯದ್ದನ್ನು ಹ್ಯಾಂಡಲಿಗೆ ಹಿಡಿದು, ಅಪ್ಪನನ್ನು ಸೀಟಿನ ಮೇಲೆ ಕೂರಿಸಿ, ಅಂಚು ಮೂಗಿನ ತುದಿಗೆ ಬರುತ್ತದೆಯೇ ಎಂದು ನೋಡಿದರು.

"ಇದು ಸರಿ ಉಂಟು. ಗಾಳಿ ತಲೆ ಮೇಲೆ ಹೋಗ್ತದೆ, ನೀವು ಗ್ಲಾಸಿನ ಮೇಲಿಂದ ದಾರಿ ನೋಡ್ತೀರಿ."

"ಮುಖಕ್ಕೆ ಮಳೆ ಹೊಡಿಯುದಿಲ್ವಾ?" ಅಮ್ಮ ಕೇಳಿದಳು.

"ಚೂರು ಹೊಡಿತದೆ ಅಕ್ಕ."

"ಹಾಗಾದ್ರೆ ಆ ದೊಡ್ಡದೇ ಆಗಲಿ."

"ದೊಡ್ಡದಾದ್ರೆ ಗ್ಲಾಸಿನ ಒಳಗಿಂದಲೇ ನೋಡ್ಬೇಕು. ಮಳೆಗೆ ಕಾಣುದಿಲ್ಲ."

"ಇವರು ಮಲಗಿದ್ದನ್ನು ನೀವು ನೋಡ್ಲಿಲ್ಲ ಹಮೀದಾಕ" ಎಂದಳು ಅಮ್ಮ. ಅವಳ ಕಣ್ಣು ತುಂಬಿದ್ದು ಕಂಡು ಅವರು ಸ್ಪ್ಯಾನರ್ ಕೈಗೆತ್ತಿಕೊಂಡರು. ಹಳೆಯ ಹ್ಯಾಂಡಲು ತೆಳುವಾಗಿದ್ದರಿಂದ ಸೈಕಲ್ ಟ್ಯೂಬಿನ ತುಂಡು ಸುತ್ತಿ ದೊಡ್ಡ ಶೀಲ್ಡನ್ನೇ ಬಿಗಿದು ಕೊಟ್ಟರು. ನನಗಂತೂ ಅಪ್ಪನ ಎದೆಗೆ ಕೋಟೆ ಕಟ್ಟಿದಷ್ಟು ಸಮಾಧಾನವಾಯಿತು.

ಮಳೆ ಹಿಡಿಯಿತು. ಅಪ್ಪ ಒಣಗಿದ ಶರ್ಟಿನಲ್ಲೇ ಮನೆಗೆ ಬರತೊಡಗಿದರು, ಕೆಮ್ಮೂ ಇಲ್ಲ. ಆದರೆ ಒಂದು ದಿನ ಊಟಕ್ಕೆ ಕೂತಾಗ, "ಹನಿ ಅಂಟಿಕೊಂಡು ಕೂರ್ತದೆ, ದಾರಿ ಸರಿಯಾಗಿ ಕಾಣುದಿಲ್ಲ" ಎಂದರು. ಅಮ್ಮನ ಮುಖ ಸಪ್ಪಗಾದದ್ದು ನೋಡಿ, "ಅಭ್ಯಾಸ ಆಗ್ತದೆ ಬಿಡು" ಎಂದು ಮಾತು ಬದಲಿಸಿದರು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಹಲಸಿನ ಹಣ್ಣು. ಹಣ್ಣು ಕೊಯ್ಯುವ ಮೊದಲು ಅಮ್ಮ ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಎಣ್ಣೆ ಇದ್ದರೆ ಹಲಸಿನ ಅಂಟು ಹಿಡಿಯುವುದಿಲ್ಲ. ಅಂಥ ಅಂಟೇ ಹಿಡಿಯದಿದ್ದರೆ ಮಳೆಯ ಹನಿ ಹೇಗೆ ಹಿಡಿದೀತು? ನನ್ನ ತಲೆಯನ್ನು ನಾನೇ ಮೆಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಅಂಗೈ ತುಂಬ ಎಣ್ಣೆ ತೆಗೆದುಕೊಂಡು ಶೀಲ್ಡಿನ ಹೊರಬದಿಗೆಲ್ಲ ಹಚ್ಚಿದೆ. ಜಂಬ ಬೇರೆ; ಸಂಜೆ ಅಪ್ಪನೇ ಆಶ್ಚರ್ಯಪಡಲಿ ಎಂದು ಯಾರಿಗೂ ಹೇಳಲಿಲ್ಲ.

ಹಗಲಿಡೀ ಮಳೆಯಿಲ್ಲ. ಸಂಜೆ ಅಪ್ಪ ಮೂಡಬಿದಿರೆಯ ಅತ್ತೆಯ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಹಿಂದೆ ಬರುವಾಗ ಆಕಾಶವೇ ಹರಿದು ಬಿತ್ತು. ನಾನು ಹಿಂದೆ ಕೂತು, ಅಪ್ಪನ ರೈನ್‌ಕೋಟಿನ ಒಳಗೆ ತಲೆ ತೂರಿಸಿಕೊಂಡಿದ್ದೆ. ಒಳಗೆ ಕತ್ತಲೆ, ರಬ್ಬರಿನ ವಾಸನೆ, ಕಿವಿಗೆ ಅಪ್ಪನ ಎದೆಬಡಿತ. ಬೈಕು ನಿಧಾನವಾಯಿತು. ಅಪ್ಪ ಒಂದು ಕೈ ಮುಂದೆ ಚಾಚಿ ಏನನ್ನೋ ಒರೆಸುವುದು ಗೊತ್ತಾಯಿತು. ಮತ್ತೊಮ್ಮೆ ಒರೆಸಿದರು.

"ಎಂತ ಇದು! ಮಜ್ಜಿಗೆ ಎರಚಿದ ಹಾಗೆ ಆಯ್ತಲ್ಲ!"

ಆ ಕ್ಷಣದಲ್ಲೇ ಗೊತ್ತಾಯಿತು, ಇದು ನನ್ನ ಕೆಲಸ. 'ಅಪ್ಪ, ನಿಲ್ಲಿಸಿ' ಎನ್ನಬೇಕು. ಬಾಯಿ ಬರಲಿಲ್ಲ. ಬೈಗಳಿಗೆ ಹೆದರಿದೆನೋ, ಸಾವಿಗೆ ಹೆದರಿದೆನೋ, ಇವತ್ತಿಗೂ ತಿಳಿಯದು. ಎದುರಿನಿಂದ ಬಸ್ಸಿನ ಹಾರ್ನ್ ಕೇಳಿತು. ಅಪ್ಪನ ಎದೆಬಡಿತ ಒಮ್ಮೆಲೇ ಜೋರಾಯಿತು. "ಗಟ್ಟಿ ಹಿಡ್ಕೋ ಮಗಾ!" ಎಂದು ಕೂಗಿ ಬೈಕನ್ನು ಎಡಕ್ಕೆ ಎಳೆದರು. ನಾವು ರಸ್ತೆಬದಿಯ ತೋಡಿಗೆ ಬಿದ್ದೆವು. ಬಸ್ಸು ನಮ್ಮ ತಲೆಯ ಮೇಲೆಯೇ ಹೋದಂತೆ ಗುಡುಗುತ್ತಾ ಹೋಯಿತು.

ನನಗೆ ಮೊಣಕೈ ತರಚಿತ್ತು, ಅಷ್ಟೇ. ಶೀಲ್ಡು ಎರಡು ಹೋಳು. ತೋಡಿನ ನೀರಿನಲ್ಲಿ ಎದೆಮಟ್ಟ ನೆನೆದ ಅಪ್ಪ ಬೈಕನ್ನು ಮೇಲೆತ್ತಿ, ಆ ಮಳೆಯಲ್ಲೇ ನನ್ನನ್ನು ಮನೆ ಸೇರಿಸಿದರು. ಮರುದಿನ ಜ್ವರ. ಮೂರನೆಯ ದಿನ ಕೆಮ್ಮು.

ನಾನು ಮತ್ತೆ ಎಣಿಸತೊಡಗಿದೆ. ಐದು ದಾಟಿತು, ಹತ್ತು ದಾಟಿತು. ಅಪ್ಪ ಸತ್ತರೆ ಕೊಂದವಳು ನಾನು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅಡಿಗೆಮನೆಯಲ್ಲಿ ಅಮ್ಮ ಕಷಾಯ ಕುದಿಸುತ್ತಾ, "ದೊಡ್ಡದೇ ಬೇಕು ಅಂತ ಹಟ ಮಾಡಿದ್ದು ನಾನು. ನಾನೇ ಬೀಳಿಸಿದ್ದು" ಎಂದು ಒಬ್ಬಳೇ ಅಳುತ್ತಿದ್ದಳು. ಅದನ್ನು ಕೇಳಿಯೂ ನಾನು ಬಾಯಿ ಬಿಡಲಿಲ್ಲ.

ಒಂಬತ್ತನೆಯ ದಿನ ಜ್ವರ ಇಳಿಯಿತು. ಅಪ್ಪ ಚಾವಡಿಯಲ್ಲಿ ಗಂಜಿ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ಹೇಳಿಬಿಟ್ಟೆ.

"ಗ್ಲಾಸಿಗೆ ಎಣ್ಣೆ ಹಚ್ಚಿದ್ದು ನಾನು."

"ಗೊತ್ತುಂಟು" ಎಂದರು ಅಪ್ಪ. "ಒರೆಸುವಾಗಲೇ ಕೈಗೆ ಪರಿಮಳ ಬಂತು."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ತಲೆ ಸವರಿದರು. "ಅಮ್ಮನಿಗೆ ಹೇಳ್ಬೇಡ, ಆಯ್ತಾ? ಅವಳಿಗೆ ಸಿಟ್ಟು ಬಂದ್ರೆ ನನ್ನ ಕೈಯಲ್ಲಿ ತಡೆಯಲಿಕ್ಕೆ ಆಗುದಿಲ್ಲ." ನಾನು ಅಳುತ್ತಲೇ ನಕ್ಕೆ. ನನ್ನನ್ನು ಕಾಪಾಡುವ ಭರದಲ್ಲಿ ಅಪ್ಪನಿಗೆ ಅಡಿಗೆಮನೆಯ ಅಳು ಕೇಳಿಸಿರಲಿಲ್ಲವೆಂದು ಕಾಣುತ್ತದೆ.

ಈಗ ಆ ರಸ್ತೆ ಅಗಲವಾಗಿದೆ, ತೋಡು ಮುಚ್ಚಿದೆ, ಬೈಕು ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಬೇಕಾದಷ್ಟು ವರ್ಷ ಬದುಕಿದ ಅಪ್ಪ ಎರಡು ಮಳೆಗಾಲದ ಹಿಂದೆ ತೀರಿಕೊಂಡರು. ಅಮ್ಮ ನನ್ನ ಜೊತೆಗಿದ್ದಾಳೆ. ಮೊನ್ನೆ ಮಳೆಯಲ್ಲಿ ನನ್ನ ಮಗಳು ಸ್ಕೂಟರ್ ಹೊರಗೆ ತೆಗೆಯುವಾಗ ಅಮ್ಮ ಬಾಗಿಲಿಗೆ ಬಂದು, "ನಿಧಾನ ಹೋಗು ಮಗಾ. ನನ್ನ ಹಟದಿಂದ ನಿನ್ನ ಅಜ್ಜ ಒಮ್ಮೆ ಸಾಯುವುದ್ರಲ್ಲಿದ್ರು" ಎಂದಳು. ಸ್ಕೂಟರ್ ಕಣ್ಣಿಗೆ ಮರೆಯಾಗುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಬೇಡ ಎಂದವರು ಅಪ್ಪ. ಇನ್ನು ಹೇಳು ಎನ್ನಲು ಅವರಿಲ್ಲ.