ಅಮಾವಾಸ್ಯೆಗೆ ನಿಲ್ಲಿಸಿದ್ದು

“ವೈನಿ, ಡಿಸ್ಕಿನ್ಯಾಗ ಈಗ ಭಾಳ ಜಾಗಾ ಆತ ನೋಡ್ರಿ!” ವಿದ್ಯಾಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮೈದುನ ಮಹಾಂತೇಶ ನಗುತ್ತ ಕೂಗಿದ. ಇಳಕಲ್ಲಿನ ನಮ್ಮ ಮನೆಯ ಕಂಪ್ಯೂಟರ್ ತುಂಬಿ ತೆವಳುತ್ತಿತ್ತು. ಸಾಫ್ಟ್‌ವೇರನ್ನು ಗಂಟು ಕಟ್ಟಿಟ್ಟಂತಿರುವ ಕಂಟೇನರ್ ಇಮೇಜ್‌ಗಳು ಎಷ್ಟು ಜಾಗ ಹಿಡಿದಿವೆ ಎಂದು ನೋಡಿದವನು, ಓಡದೆ ನಿಂತಿದ್ದ, ಸೀರೆ ವಿನ್ಯಾಸದ ಸಾಫ್ಟ್‌ವೇರಿನ ಕಂಟೇನರನ್ನು ಒಳಗಿದ್ದುದರ ಸಮೇತ ಅಳಿಸಿದ್ದ. ಮಾವ ತಮ್ಮ ಕೈ ನಡುಗಲು ಶುರುವಾಗುವ ಮೊದಲು ಬರೆದ ಸೆರಗಿನ ವಿನ್ಯಾಸಗಳೆಲ್ಲ ಅದರೊಳಗೇ ಇದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ವಿಷಯ ತಿಳಿದದ್ದೇ ಅವನ ನಗು ಉಡುಗಿತು. “ಅದು ಬಂದ್ ಇತ್ತಲ್ಲಪಾ, ಯಾರೂ ಬಳಸೂದಿಲ್ಲಂತ ತಿಳದ್ನಿ,” ಎಂದು ತಂದೆಯ ಮುಖ ನೋಡಿದ.

ಅಂದು ಅಮಾವಾಸ್ಯೆ, ನಮ್ಮಲ್ಲಿ ಮಗ್ಗಕ್ಕೆ ರಜೆ. ಮಗ್ಗದ ಜೊತೆ ವಿನ್ಯಾಸದ ಸಾಫ್ಟ್‌ವೇರನ್ನೂ ನಿಲ್ಲಿಸುವುದು ಮಾವನ ಪದ್ಧತಿ; ಬೆಳಿಗ್ಗೆ ನಾನೇ ನಿಲ್ಲಿಸಿದ್ದೆ. ಮಾವ ಬೈಯಲಿಲ್ಲ. “ಅಮಾಸಿಗೆ ಮಗ್ಗಾನೂ ನಿಂತೈತಿ. ಅದನ್ನೂ ಕಿತ್ತ ಒಗೀತಿಯೇನು?” ಎಂದಷ್ಟೇ ಕೇಳಿದರು.

ಮರುದಿನ ಮಗ್ಗ ಎಂದಿನಂತೆ ಸದ್ದು ಮಾಡಿತು. ಅಳಿಸಿದ ಸಾಫ್ಟ್‌ವೇರನ್ನು ಮಹಾಂತೇಶ ಮತ್ತೆ ಇಳಿಸಿಕೊಟ್ಟು ಹೋದ. ಕಂಪ್ಯೂಟರಿನಲ್ಲೀಗ ಬೇಕಾದಷ್ಟು ಜಾಗವಿದೆ. ಅದನ್ನು ತುಂಬುವ ಕೈ ಮಾತ್ರ ಚಹಾದ ಕಪ್ಪನ್ನೂ ನೆಟ್ಟಗೆ ಹಿಡಿಯಲಾರದು.