ಸರಿಸಮ ಬಂದ ಹುಣಸೆಬೀಜ

ನಮ್ಮ ಮನೆಯ ರೇಡಿಯೋಗೆ ಅವ್ವ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಕಿತ್ತೆಸೆದು, ಕಳ್ಳನನ್ನು ಹಿಡಿದ ಪಟೇಲನ ಹಾಗೆ ರೇಡಿಯೋ ಮುಂದೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದ. ತೊಂಬತ್ತರ ದಶಕದ ಮಾತು, ಸ್ವಾಮಿ. ಪಾಂಡವಪುರದ ಪಕ್ಕದ ನಮ್ಮೂರಿನಲ್ಲಿ ಆಗ ಕಬ್ಬಿಗಿಂತ ಸೊಂಪಾಗಿ ಬೆಳೆಯುತ್ತಿದ್ದುದು ಪಕ್ಷಾಭಿಮಾನ.

ಅಪ್ಪನದೊಂದು ಪಕ್ಷ, ಅವ್ವನ ಅಣ್ಣ ಕೆಂಪಣ್ಣಮಾವನದು ಇನ್ನೊಂದು. ಸಂಜೆಯ ವಾರ್ತೆಗಳು ಪಕ್ಷಪಾತದಿಂದ ತುಂಬಿವೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಯಾರ ಪರ ಎಂಬುದರಲ್ಲೇ ಜಗಳ. ಇಬ್ಬರೂ ತಂತಮ್ಮ ಮನೆಯಲ್ಲಿ ಕೂತು, ಎದುರು ಪಕ್ಷದ ಹೆಸರು ಬಂದಾಗಲೆಲ್ಲ ಬಟ್ಟಲಿಗೊಂದು ಹುಣಸೆಬೀಜ ಹಾಕಿ, ಬೆಳಿಗ್ಗೆ ಅದನ್ನು ಟೀ ಅಂಗಡಿಗೆ ಒಯ್ದು ಸಾಕ್ಷಿಯೆಂದು ಸುರಿಯುತ್ತಿದ್ದರು. ತನ್ನ ಪಕ್ಷದ ಹೆಸರಿಗೂ ಬೀಜ ಹಾಕಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ನಗಬೇಡಿ, ಲೋಕ ನಮಗೆ ಮಾಡಿದ ಅನ್ಯಾಯವನ್ನು ನಾವೂ ನೀವೂ ಎಣಿಸುವುದು ಹೀಗೇ ಅಲ್ಲವೇ?

ಒಂದು ದಿನ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದು, "ಇನ್ ನಿಮ್ಮನೆ ಹೊಸ್ಲು ತುಳಿಯಾಕಿಲ್ಲ" ಎಂದುಬಿಟ್ಟ ಮಾವ. "ಓಗ್ಲಿ ಬುಡು" ಎಂದ ಅಪ್ಪ. ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ ಅಣ್ಣ ಆ ವಾರ ಬಾರದಿದ್ದಾಗ ಅವ್ವ ಊಟಕ್ಕೇ ಕೂರಲಿಲ್ಲ. ನನಗೆ ಸಂಕಟವೂ ಆಯಿತು, ಗಂಡಸರಿಬ್ಬರ ಮೇಲೆ ಕೆಟ್ಟ ಸಿಟ್ಟೂ ಬಂತು.

ಊರಿನ ಶಾಲೆಯ ಮೇಡಮ್ಮು ನಾನು. "ಎರಡೂ ಪಕ್ಷಕ್ಕೆ ಬೀಜ ಹಾಕಿ ನಾನೇ ಎಣಿಸ್ತೀನಿ" ಎಂದೆ. ಗೆಲ್ಲುವ ಖಾತ್ರಿ ಇಬ್ಬರಿಗೂ ಇದ್ದುದರಿಂದ ಇಬ್ಬರೂ ಒಪ್ಪಿದರು. ಆ ಸಂಜೆ ಎರಡು ಬಟ್ಟಲಿಟ್ಟುಕೊಂಡು, ಉಸಿರು ಬಿಗಿಹಿಡಿದು ವಾರ್ತೆ ಕೇಳಿದೆ. ಬೀಜಗಳು ಸರಿಸಮ! ಮೂರು ಸಲ ಎಣಿಸಿದರೂ ಸರಿಸಮ.

"ಮಾವ್ನ ಮ್ಯಾಲಿನ್ ಪ್ರೀತಿಗೆ ಬೇಕಂತ್ಲೇ ಸರಿಸಮ ಆಕಿದ್ದೀಯ" ಎಂದ ಅಪ್ಪ. ಮಾವನಿಗೂ ಹೇಳಿಕಳಿಸಿದೆ. ಬೆಳಗಾಗುತ್ತಲೇ, "ಎಲ್ಲವ್ಳೆ ಮೇಡಮ್ಮು? ಅಪ್ಪನ ಮಗಳಲ್ವಾ, ಇನ್ನೆಂಗೆ ಎಣಿಸ್ತಾಳೆ!" ಎಂದು ಕೂಗುತ್ತಾ ಬಂದವನು, ಸಿಟ್ಟಿನ ಭರದಲ್ಲಿ ಆಣೆ ಮರೆತು ನಡುಮನೆಗೇ ನುಗ್ಗಿದ.

ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾ ನಿಂತಾಗ ನನಗೆ ನೆನಪಾದವನು, ಮುಖ ಕಾಣದ ಆ ವಾರ್ತೆ ಓದುವವನು. ನಾಗಮಂಗಲದಿಂದ ಕೆ.ಆರ್. ಪೇಟೆಯವರೆಗೆ ದಿನಾ ಎಷ್ಟು ಜಗಲಿಗಳಲ್ಲಿ ಅವನಿಗೆ ಹೀಗೆ ಮಂಗಳಾರತಿಯೋ! ಪಾಪ, ಅವನು ನನಗೆ ಒಡಹುಟ್ಟಿದವನೇ ಅನ್ನಿಸಿಬಿಟ್ಟ.

ಅಷ್ಟರಲ್ಲಿ ಅವ್ವ ಎರಡು ತಟ್ಟೆಗೆ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿ ಇಟ್ಟಿದ್ದಳು. ಬೈಯುವ ಗಲಾಟೆಯಲ್ಲಿ ಇಬ್ಬರೂ ಕೂತು ಉಣ್ಣತೊಡಗಿದ್ದು ಅವರಿಗೇ ತಿಳಿಯಲಿಲ್ಲ.

"ಇವ್ಳನ್ನ ನಂಬಂಗಿಲ್ಲ ಕಣ್ ಭಾವ" ಎಂದ ಅಪ್ಪ.

"ಊಂ ಕಣ್ಲಾ, ನಂಬ್ಲೇಬಾರ್ದು" ಎಂದ ಮಾವ, ಇನ್ನೊಂದು ರೊಟ್ಟಿಗೆ ತಟ್ಟೆ ಚಾಚುತ್ತಾ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಒಲೆಯ ಹತ್ತಿರ ಎಳೆದು ಪಿಸುಗುಟ್ಟಿದಳು: "ಇವತ್ತೂ ಇಂಗೇ ಸರಿಸಮ ಎಣಿಸು ಮಗಾ. ಬೈಯಾಕಾದ್ರೂ ನಮ್ಮಣ್ಣ ಬತ್ತಾನೆ."